ಹೊಸ ಗೇಮ್ ಕನ್ಸೋಲ್ ಬಂದ ದಿನವೇ ತಗೊಳ್ಳೋದಾ, ಕಾಯೋದಾ?

ಮಂಡ್ಯದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ ಎಂದರೆ ಕಾರಣ ಎರಡೇ. ಬೆಳಿಗ್ಗೆ ಮೈಸೂರಿಗೆ ಬರುತ್ತಿದ್ದಾನೆ, ಬೈಕ್ ನಿಲ್ಲಿಸೋಕೆ ನಮ್ಮ ಮನೆ ಮುಂದೆ ಜಾಗ ಬೇಕು. ಇಲ್ಲ, ಎಲ್ಲೋ ಹೊಸ ಕನ್ಸೋಲ್, ಅಂದರೆ ಟಿವಿಗೆ ಹಾಕಿ ಗೇಮ್ ಆಡುವ ಡಬ್ಬದ ಸುದ್ದಿ ಓದಿದ್ದಾನೆ. "ಅಣ್ಣ, ಬುಕ್ ಮಾಡ್ಬುಡ್ಲಾ?" ಅಂತಲೇ ಶುರು. ಕನ್ಸೋಲ್ ಇನ್ನೂ ಯಾವ ದೇಶದಲ್ಲೂ ಬಂದಿರುವುದಿಲ್ಲ, ಬೆಲೆ ಗೊತ್ತಿರುವುದಿಲ್ಲ, ಇವನು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ ಟಿವಿ ಸ್ಟ್ಯಾಂಡಿನಲ್ಲಿ ಜಾಗ ಖಾಲಿ ಮಾಡಿ ಕೂತಿರುತ್ತಾನೆ.

ಪ್ರತಿ ಸಲ ಅವನಿಗೆ ಅದನ್ನೇ ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೆ ಒಂದು ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ. ನಾನು ದೊಡ್ಡ ಪಂಡಿತ ಏನಲ್ಲ. 2014ರ ಜನವರಿಯಲ್ಲಿ ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) ಇಂಡಿಯಾಗೆ ಬಂದಾಗ 39,990 ರೂಪಾಯಿ ಕೊಟ್ಟು ಮೊದಲ ವಾರವೇ ತಂದು, ಆಮೇಲೆ ಆರು ತಿಂಗಳು ಆಡಿದ್ದಕ್ಕಿಂತ ಜಾಸ್ತಿ ಅದರ ಮೇಲಿನ ಧೂಳು ಒರೆಸಿದವನು. 2021ರಲ್ಲಿ ಮತ್ತೆ ಅದೇ ತಪ್ಪು ಮಾಡಲು ಹೋಗಿ, ಸ್ಟಾಕ್ ಸಿಗದೆ ಬಚಾವಾದವನು. ಆ ಎರಡು ಸಲದ ಬುದ್ಧಿ ಇಲ್ಲಿದೆ.

ಮೊದಲು ಒಂದು ಚೀಟಿ ತಗೊಂಡು ಆಟಗಳ ಹೆಸರು ಬರೆಯಿರಿ

ಟೆರಾಫ್ಲಾಪ್, ರೇ ಟ್ರೇಸಿಂಗ್, 120 ಹರ್ಟ್ಸ್ ಅಂತ ಜಾಹೀರಾತಿನಲ್ಲಿ ಹೇಳುವ ತಾಂತ್ರಿಕ ಮಾತೆಲ್ಲ ಆಮೇಲೆ. ಕನ್ಸೋಲ್ ಬಂದ ಮೊದಲ ಆರು ತಿಂಗಳಲ್ಲಿ ನೀವು ಆಡಲೇಬೇಕು ಅಂದುಕೊಂಡಿರುವ ಮೂರು ಆಟದ ಹೆಸರು ಬರೆಯಿರಿ. ಟ್ರೈಲರ್ ನೋಡಿ "ಸೂಪರ್ ಗುರು" ಅಂದ ಆಟ ಲೆಕ್ಕಕ್ಕಿಲ್ಲ, ಬಿಡುಗಡೆ ದಿನ ಗೊತ್ತಾಗಿರಬೇಕು. ಬರೆದಾದ ಮೇಲೆ ಒಂದೊಂದರ ಮುಂದೆಯೂ ಒಂದು ಪ್ರಶ್ನೆ ಹಾಕಿ: ಇದನ್ನು ಈಗ ಮನೆಯಲ್ಲಿರುವ ಕನ್ಸೋಲ್‌ನಲ್ಲೋ ಪಿಸಿಯಲ್ಲೋ ಆಡಲು ಆಗುತ್ತದಾ? ಆಗುತ್ತದೆ ಎಂದರೆ ಆ ಹೆಸರು ಹೊಡೆದು ಹಾಕಿ.

ಬಹಳ ಜನರ ಚೀಟಿ ಇಲ್ಲೇ ಖಾಲಿಯಾಗುತ್ತದೆ. ಪಿಎಸ್5 ಕಥೆ ನೋಡಿ. 2020ರ ನವೆಂಬರ್‌ನಲ್ಲಿ ಅದು ಬಂದಾಗ ಎಲ್ಲರೂ ಬಾಯಿ ಬಿಟ್ಟು ನೋಡಿದ ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ಪಿಎಸ್4ಗೂ ಬಂದಿತ್ತು. 2022ರ ಫೆಬ್ರವರಿಯಲ್ಲಿ ಬಂದ ಹೊರೈಜನ್ ಫರ್ಬಿಡನ್ ವೆಸ್ಟ್, ಮಾರ್ಚ್‌ನಲ್ಲಿ ಬಂದ ಗ್ರಾನ್ ಟುರಿಸ್ಮೊ 7, ನವೆಂಬರ್‌ನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್, ಇವೂ ಪಿಎಸ್4ನಲ್ಲಿ ನಡೆಯುತ್ತಿದ್ದವು. ಅಂದರೆ ಹೊಸ ಕನ್ಸೋಲ್ ಬಂದು ಎರಡು ವರ್ಷ ಆದರೂ ಸೋನಿಯ ದೊಡ್ಡ ಆಟಗಳಲ್ಲಿ ಎಷ್ಟೋ ಹಳೆಯದರಲ್ಲೂ ಸಿಗುತ್ತಿದ್ದವು. ಪಿಎಸ್5ನಲ್ಲಿ ಮಾತ್ರ ಅಂತ ಮೊದಲ ದಿನ ಇದ್ದ ದೊಡ್ಡ ಆಟ ಡೀಮನ್ಸ್ ಸೋಲ್ಸ್. ಅದು ಎಂಥ ಕಷ್ಟದ ಆಟ ಎಂದರೆ ನಮ್ಮ ತಮ್ಮನಂಥವರು ಮೊದಲ ಬಾಸ್, ಅಂದರೆ ದೊಡ್ಡ ಶತ್ರು, ಹತ್ತಿರವೇ ಕೈಯಲ್ಲಿರುವ ಕಂಟ್ರೋಲರ್ ಎಸೆಯುತ್ತಾರೆ. ಕನ್ಸೋಲ್ ಜೊತೆ ಉಚಿತವಾಗಿ ಬರುವ ಆಸ್ಟ್ರೋಸ್ ಪ್ಲೇರೂಮ್ ಬಹಳ ಮುದ್ದಾಗಿದೆ, ಆದರೆ ಒಂದು ಭಾನುವಾರಕ್ಕೆ ಮುಗಿದು ಹೋಗುತ್ತದೆ. ಅದರಲ್ಲೇ ಆಡಬೇಕು ಎನ್ನುವಂಥ ರಿಟರ್ನಲ್, ರ‍್ಯಾಚೆಟ್ ಅಂಡ್ ಕ್ಲಾಂಕ್ ಬಂದದ್ದು 2021ರ ಏಪ್ರಿಲ್ ಮತ್ತು ಜೂನ್‌ನಲ್ಲಿ.

ದಿನಾಂಕ ಹೇಳಿದ್ದಾರೆ ಅಂತ ಪೂರ್ತಿ ನಂಬಬೇಡಿ. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆಗೇ ಬರಬೇಕಿದ್ದ ಹೇಲೋ ಇನ್ಫಿನಿಟ್ ಅನ್ನು ಕನ್ಸೋಲ್ ಬರೋಕೆ ಮೂರು ತಿಂಗಳು ಇರುವಾಗ ಮುಂದೂಡಿದರು. ಕೊನೆಗೆ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಆ ಒಂದೇ ಆಟಕ್ಕಾಗಿ ಡಬ್ಬ ತಂದವರು ಒಂದು ವರ್ಷದ ಮೇಲೆ ಕಾದರು. ಡಬ್ಬಕ್ಕೆ ಮೊದಲೇ ದುಡ್ಡು ಕೊಟ್ಟು ಕಾಯೋದಕ್ಕಿಂತ, ದುಡ್ಡು ಬ್ಯಾಂಕಿನಲ್ಲಿಟ್ಟು ಕಾಯೋದು ಮೇಲಲ್ವಾ?

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ, ಅದನ್ನೂ ಹೇಳಬೇಕು. 2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಬಂದಾಗ ಜೊತೆಗೇ ಮಾರಿಯೊ ಕಾರ್ಟ್ ವರ್ಲ್ಡ್ ಇತ್ತು, ಅದು ಬೇರೆ ಯಾವುದರಲ್ಲೂ ಸಿಗುವುದಿಲ್ಲ, ಮನೆಮಂದಿಯೆಲ್ಲ ಆಡುವಂಥದ್ದು. ನಾಲ್ಕೇ ದಿನದಲ್ಲಿ 35 ಲಕ್ಷ ಕನ್ಸೋಲ್ ಮಾರಾಟವಾಯಿತು. ಅಲ್ಲಿ ಚೀಟಿಯಲ್ಲಿ ಒಂದೇ ಹೆಸರಿದ್ದರೂ ಅದು ಗಟ್ಟಿ ಹೆಸರು.

ಇನ್ನೊಂದು ಎಚ್ಚರ. "ಹಳೆಯದರಲ್ಲೂ ನಡೆಯುತ್ತದೆ" ಎಂದರೆ ಚೆನ್ನಾಗಿ ನಡೆಯುತ್ತದೆ ಎಂದಲ್ಲ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿತ್ತು ಎಂದರೆ, ಬಂದ ಒಂದೇ ವಾರಕ್ಕೆ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು, ವಾಪಸ್ ಬಂದದ್ದು ಮುಂದಿನ ವರ್ಷ ಜೂನ್‌ನಲ್ಲಿ. ಹಾಗಾಗಿ ಹಳೆ ಕನ್ಸೋಲ್‌ನಲ್ಲಿ ಆಡಿದ ವಿಡಿಯೊ ನೋಡಿದ ಮೇಲೆ ಚೀಟಿಯಲ್ಲಿ ಗೆರೆ ಎಳೆಯಿರಿ.

ಜೊತೆಗೆ ಆಡುವವರು ಎಲ್ಲಿದ್ದಾರೆ?

ಆನ್‌ಲೈನ್ ಫುಟ್‌ಬಾಲ್ ಆಡುವವರಿಗೆ ಇದು ಮುಖ್ಯ, ಉಳಿದವರು ಮುಂದೆ ಹೋಗಬಹುದು. ನಮ್ಮ ಕುವೆಂಪುನಗರದ ಗ್ಯಾಂಗ್‌ನಲ್ಲಿ ಆರು ಜನ ರಾತ್ರಿ ಫಿಫಾ ಆಡುತ್ತಿದ್ದೆವು. ಒಬ್ಬ ಹೇಗೋ ಹೊಂದಿಸಿ ಪಿಎಸ್5 ತಂದ. ಪಿಎಸ್5 ಆವೃತ್ತಿಯಿಂದ ಪಿಎಸ್4 ಆವೃತ್ತಿಯವರ ಜೊತೆ ಆಡಲು ಆಗುತ್ತಿರಲಿಲ್ಲ. ಫಿಫಾ 23ರಲ್ಲಿ ಬೇರೆ ಬೇರೆ ಕಂಪನಿಯ ಕನ್ಸೋಲ್‌ಗಳ ನಡುವೆ ಆಟ ಶುರುವಾದಾಗಲೂ ಹೊಸದು ಹೊಸದರ ಜೊತೆ, ಹಳೆಯದು ಹಳೆಯದರ ಜೊತೆ ಅಷ್ಟೇ. ಪಾಪ, 50 ಸಾವಿರ ಕೊಟ್ಟು ನಮ್ಮ ಜೊತೆ ಆಡಲಿಕ್ಕೆ ಅವನು ಪಿಎಸ್4 ಆವೃತ್ತಿಯನ್ನೇ ಹಾಕಿಕೊಂಡು ಆಡಿದ. ಗೆಳೆಯರು ಯಾವಾಗ ಬದಲಾಯಿಸುತ್ತಾರೆ ಅಂತ ಕೇಳಿ. ಎಲ್ಲರೂ ದೀಪಾವಳಿಗೆ ಎಂದರೆ ನೀವೂ ದೀಪಾವಳಿಗೆ.

ಪೂರ್ತಿ ಲೆಕ್ಕ ಹಾಕಿ, ಡಬ್ಬದ ಬೆಲೆ ಮಾತ್ರ ಅಲ್ಲ

ಪಿಎಸ್5 ಇಲ್ಲಿಗೆ ಬಂದಾಗಿನ ಬೆಲೆಯನ್ನೇ ಇಟ್ಟುಕೊಳ್ಳೋಣ. ಡಿಸ್ಕ್ ಇರುವ ಕನ್ಸೋಲ್ 49,990. ಹೊಸ ಆಟ ಒಂದಕ್ಕೆ 4,999, ಎರಡಾದರೂ ಬೇಕು, 9,998. ತಮ್ಮನೋ ಹೆಂಡತಿಯೋ ಜೊತೆಗೆ ಆಡಬೇಕೆಂದರೆ ಇನ್ನೊಂದು ಕಂಟ್ರೋಲರ್, 5,990. ಒಟ್ಟು 65,978 ರೂಪಾಯಿ. ದುಡ್ಡು ಕೊಟ್ಟು ತಗೊಂಡ ಆಟಗಳನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಪಿಎಸ್ ಪ್ಲಸ್ ಚಂದಾ ಬೇರೆ. ಫೋರ್ಟ್‌ನೈಟ್ ಥರದ ಉಚಿತ ಆಟಗಳಿಗೆ ಅದು ಬೇಡ.

ಟಿವಿ ವಿಷಯದಲ್ಲಿ ಸುಮ್ನೆ ಹೆದರಿಸುವವರು ಜಾಸ್ತಿ. ಹಳೆಯ ಫುಲ್ ಎಚ್‌ಡಿ ಟಿವಿಯಲ್ಲೂ ಹೊಸ ಕನ್ಸೋಲ್ ಆರಾಮಾಗಿ ನಡೆಯುತ್ತದೆ. 4ಕೆಯಲ್ಲಿ ಸೆಕೆಂಡಿಗೆ 120 ಫ್ರೇಮ್ ಬೇಕೆಂದರೆ ಮಾತ್ರ ಎಚ್‌ಡಿಎಂಐ 2.1 ಇರುವ ಟಿವಿ ಬೇಕು. ಆದರೆ ಒಂದು ಮಾತು. ಕನ್ಸೋಲ್ ತಂದ ಮೇಲೆ ಟಿವಿ ಸಾಲದು ಎನ್ನಿಸುವ ಕಾಯಿಲೆ ಗ್ಯಾರಂಟಿ ಬರುತ್ತದೆ. ಅದನ್ನು ತಡೆದುಕೊಳ್ಳುತ್ತೀರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನನಗೆ ಆಗಲಿಲ್ಲ.

ಜಾಗದ ಲೆಕ್ಕವೂ ಇದೆ, ಅಂದರೆ ಒಳಗಿನ ಜಾಗ. ಪಿಎಸ್5ನಲ್ಲಿ 825 ಜಿಬಿ ಎಂದು ಬರೆದಿತ್ತು, ಕೈಗೆ ಸಿಕ್ಕಿದ್ದು 667 ಜಿಬಿ ಹತ್ತಿರ. ಜಾಗ ಹೆಚ್ಚಿಸಲು ಇನ್ನೊಂದು ಎಸ್‌ಎಸ್‌ಡಿ (ಆಟಗಳನ್ನು ಇಡುವ ಡ್ರೈವ್) ಹಾಕುವ ಸ್ಲಾಟ್ ಮೊದಲ ದಿನದಿಂದ ಇತ್ತು, ಆದರೆ ಅದು ಕೆಲಸ ಮಾಡಲು ಶುರು ಮಾಡಿದ್ದು 2021ರ ಸೆಪ್ಟೆಂಬರ್‌ನ ಅಪ್‌ಡೇಟ್ ಆದ ಮೇಲೆ. ಮೊದಲು ತಂದವರು ಹತ್ತು ತಿಂಗಳು ಒಂದು ಆಟ ಹಾಕಲು ಇನ್ನೊಂದನ್ನು ಅಳಿಸುತ್ತಲೇ ಇದ್ದರು. 1440ಪಿ, ಅಂದರೆ ಫುಲ್ ಎಚ್‌ಡಿಗೂ 4ಕೆಗೂ ನಡುವಿನ ಮಾನಿಟರ್ ಇದ್ದವರ ಕಥೆ ಇನ್ನೂ ಉದ್ದ, ಅವರಿಗೆ ಸರಿಯಾದ ಬೆಂಬಲ ಸಿಕ್ಕಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಡಬ್ಬದ ಮೇಲೆ ಬರೆದದ್ದೆಲ್ಲ ಮೊದಲ ದಿನವೇ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ, "ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ" ಎಂದು ಹೇಳಿದ್ದಾರಾ ನೋಡಿಕೊಳ್ಳಿ.

ಕಂತಿನಲ್ಲಿ ತಗೊಳ್ಳುವವರು "ಬಡ್ಡಿ ಇಲ್ಲ" ಎನ್ನುವ ಬೋರ್ಡ್ ನೋಡಿ ಸಹಿ ಹಾಕಬೇಡಿ. ಪ್ರೊಸೆಸಿಂಗ್ ಫೀ ಎಷ್ಟು, ಬಡ್ಡಿ ಭಾಗದ ಮೇಲೆ ಜಿಎಸ್‌ಟಿ ಹಾಕುತ್ತಾರಾ, ಕಂತಿನಲ್ಲಿ ತಗೊಂಡರೆ ನಗದು ರಿಯಾಯಿತಿ ಕೈ ತಪ್ಪುತ್ತದಾ, ಈ ಮೂರು ಕೇಳಿ.

ಡಿಸ್ಕ್ ಇರೋದಾ, ಇಲ್ಲದ್ದಾ

ನನ್ನ ಪ್ರಕಾರ ನಮ್ಮ ಊರಿನವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ದುಡ್ಡಿನ ತೀರ್ಮಾನ. ಜನ ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ.

ಪಿಎಸ್5 ಡಿಜಿಟಲ್ ಎಡಿಷನ್ 39,990ಕ್ಕೆ ಬಂತು, ಹತ್ತು ಸಾವಿರ ಕಡಿಮೆ. ನೋಡೋಕೆ ಲಾಭ. ಆದರೆ ಅದಕ್ಕೆ ಡಿಸ್ಕ್ ಹಾಕಲು ಆಗುವುದಿಲ್ಲ, ಹಾಗಾಗಿ ಮನೆಯಲ್ಲಿರುವ ಹಳೆ ಪಿಎಸ್4 ಡಿಸ್ಕ್‌ಗಳೆಲ್ಲ ಶೋಕೇಸಿಗೆ. ಡಿಸ್ಕ್ ಇರುವ ಪಿಎಸ್5ನಲ್ಲಾದರೆ ಪಿಎಸ್4 ಆಟಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ನಡೆಯುತ್ತವೆ. ಅಷ್ಟೇ ಅಲ್ಲ, ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ನಮ್ಮ ಗ್ಯಾಂಗ್‌ನಲ್ಲಿ ಒಂದು ಡಿಸ್ಕ್ ಕುವೆಂಪುನಗರದಿಂದ ಸರಸ್ವತಿಪುರಂ, ಅಲ್ಲಿಂದ ವಿಜಯನಗರ, ಆಮೇಲೆ ಮಂಡ್ಯಕ್ಕೆ ಹೋಗಿ ಆರು ತಿಂಗಳಾದ ಮೇಲೆ ಡಬ್ಬದಲ್ಲಿ ಮದ್ದೂರು ವಡೆ ಪುಡಿಯ ಸಮೇತ ವಾಪಸ್ ಬಂದಿದೆ. 4,999ರ ಆಟವನ್ನು ನಾಲ್ಕು ಜನ ಆಡಿದರೆ ತಲೆಗೆ ಎಷ್ಟು ಬಿತ್ತು ನೀವೇ ಲೆಕ್ಕ ಹಾಕಿ. ಡಿಜಿಟಲ್‌ನಲ್ಲಿ ಈ ದಾರಿ ಇಲ್ಲ. ಕಂಪನಿಯ ಅಂಗಡಿಯಲ್ಲಿ ಸೇಲ್ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು.

ವರ್ಷಕ್ಕೆ ಮೂರು ಡಿಸ್ಕ್ ಕೊಂಡು ಮಾರುವವರಾದರೆ ಆ ಹತ್ತು ಸಾವಿರ ಬೇಗ ವಾಪಸ್ ಬರುತ್ತದೆ. ಒಂದೇ ಆಟವನ್ನು ವರ್ಷಪೂರ್ತಿ ಆಡುವವರು, ಇಲ್ಲವೇ ಚಂದಾದಲ್ಲಿ ಸಿಗುವ ಆಟಗಳೇ ಸಾಕು ಎನ್ನುವವರು ಡಿಜಿಟಲ್ ತಗೊಳ್ಳಲಿ.

ಇಂಡಿಯಾಗೆ ಬರುತ್ತದಾ, ಯಾವಾಗ?

"ಬಿಡುಗಡೆ ದಿನ" ಎಂದು ನಾವು ಓದುವುದು ಬಹಳ ಸಲ ನಮ್ಮ ದಿನ ಆಗಿರುವುದೇ ಇಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ 2020ರ ನವೆಂಬರ್ 10ರಂದು ಬೇರೆ ದೇಶಗಳ ಜೊತೆಗೇ ಇಲ್ಲಿಗೂ ಬಂದವು, 49,990 ಮತ್ತು 34,990ಕ್ಕೆ. ಪಿಎಸ್5 ಅಮೆರಿಕ, ಜಪಾನಿನಲ್ಲಿ ನವೆಂಬರ್ 12ಕ್ಕೆ ಬಂದರೆ ಇಲ್ಲಿಗೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಪಿಎಸ್4 ಅಮೆರಿಕಕ್ಕೆ ನವೆಂಬರ್, ನಮಗೆ ಜನವರಿ. ಮನೆಯಲ್ಲಿ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಇರುವವರಿಗೆ ಈ ಜನವರಿ, ಫೆಬ್ರವರಿ ಎಂಥ ಗ್ರಹಚಾರದ ತಿಂಗಳು ಅಂತ ಹೇಳಬೇಕಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ತನ್ನಿ, ಏನೂ ಓಡಿಹೋಗುವುದಿಲ್ಲ.

ಕೆಲವು ಬರುವುದೇ ಇಲ್ಲ. ಪಿಎಸ್5ಗಿಂತ ಹೆಚ್ಚು ಶಕ್ತಿಯ ಪಿಎಸ್5 ಪ್ರೊ 2024ರ ನವೆಂಬರ್‌ನಲ್ಲಿ ಬಂದಾಗ ಇಂಡಿಯಾ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ. ನಿಂಟೆಂಡೊ ತನ್ನ ಮೊದಲ ಸ್ವಿಚ್ ಅನ್ನು ಅಧಿಕೃತವಾಗಿ ಇಲ್ಲಿ ಮಾರಲೇ ಇಲ್ಲ. ಆದರೂ ಅದು ನಮ್ಮ ಕೈಗೆ ಬಂತು, ಆಮದು ಮಾಡಿ ಮಾರುವವರಿಂದ, ಇಲ್ಲವೇ ದುಬೈನಲ್ಲಿರುವ ಮಾವನ ಸೂಟ್‌ಕೇಸ್‌ನಲ್ಲಿ.

ಹಾಗೆ ತರಿಸುವುದು ತಪ್ಪು ಎನ್ನುವುದಿಲ್ಲ, ಆದರೆ ಕಣ್ಣು ಬಿಟ್ಟುಕೊಂಡು ತರಿಸಿ. ಕರೆಂಟ್ ತೊಂದರೆ ಇಲ್ಲ, ಪಿಎಸ್5 ಪವರ್ ಸಪ್ಲೈ 100ರಿಂದ 240 ವೋಲ್ಟ್ ತನಕ ತಗೊಳ್ಳುತ್ತದೆ, ಪ್ಲಗ್ ಅಥವಾ ಕೇಬಲ್ ಬದಲಾಯಿಸಿದರೆ ಆಯಿತು. ವಾರಂಟಿ ಮಾತ್ರ ಕೊಂಡ ದೇಶದ್ದು. ಕೆಟ್ಟರೆ ಮಾವ ಮತ್ತೆ ಹೊತ್ತುಕೊಂಡು ಹೋಗಬೇಕು. ಪಿಎಸ್5 ಡಿಸ್ಕ್ ಎಲ್ಲಿಂದ ತಂದರೂ ನಡೆಯುತ್ತದೆ, ಆದರೆ ಅದರ ಡಿಎಲ್‌ಸಿ (ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗ) ಆ ಡಿಸ್ಕಿನ ಪ್ರದೇಶಕ್ಕೆ ಹೊಂದುವ ಖಾತೆಯಿಂದಲೇ ಕೊಳ್ಳಬೇಕು. ಗಿಫ್ಟ್ ಕಾರ್ಡೂ ಅಷ್ಟೇ, ಖಾತೆ ಯಾವ ದೇಶದ್ದೋ ಕಾರ್ಡ್ ಆ ದೇಶದ್ದೇ ಆಗಬೇಕು.

ಅಂಗಡಿಯವರು "ನಾವೇ ಒಂದು ವರ್ಷ ವಾರಂಟಿ ಕೊಡ್ತೀವಿ ಸಾರ್" ಎಂದರೆ ಬಿಲ್ ಮೇಲೆ ಬರೆಸಿಕೊಳ್ಳಿ. ನಾನು ಹಿಂದೊಮ್ಮೆ ಬಾಯಿ ಮಾತಿಗೆ ತಲೆ ಅಲ್ಲಾಡಿಸಿ ಬಂದಿದ್ದೆ. ನಾಲ್ಕು ತಿಂಗಳಿಗೆ ಕಂಟ್ರೋಲರ್ ಕೆಟ್ಟು ತಗೊಂಡು ಹೋದರೆ, ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು, ಹಳೆಯ ಯಜಮಾನರು ಜಾಗ ಖಾಲಿ ಮಾಡಿದ್ದರು.

ಮೊದಲ ಬ್ಯಾಚಿನ ರಿಸ್ಕ್

ಎಕ್ಸ್‌ಬಾಕ್ಸ್ 360 ನೆನಪಿದೆಯಾ? 2005ರಲ್ಲಿ ಬಂತು. ಮುಂದೆ ಮೂರು ಕೆಂಪು ದೀಪ ಹತ್ತಿಕೊಂಡರೆ ಮುಗಿಯಿತು, ಕನ್ಸೋಲ್ ಸತ್ತಿದೆ ಎಂದರ್ಥ. ಎಷ್ಟು ಸತ್ತವು ಎಂದರೆ 2007ರಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ ನೂರು ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿಡಬೇಕಾಯಿತು. ಸ್ವಿಚ್‌ನ ಕಂಟ್ರೋಲರ್ ಜಾಯ್‌ಕಾನ್ ಮುಟ್ಟದಿದ್ದರೂ ಆಟದಲ್ಲಿ ತಾನೇ ತಾನಾಗಿ ಒಂದು ಕಡೆ ಜಾರುವ ಕಾಯಿಲೆಯೂ ಜಗತ್ತಿಗೆಲ್ಲ ಗೊತ್ತು.

ಕೆಡುವುದಕ್ಕಿಂತ ಹೊಟ್ಟೆ ಉರಿಸುವುದು ಇನ್ನೊಂದು. ಸ್ವಿಚ್ 2017ರಲ್ಲಿ ಬಂದಾಗ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತದೆ ಎಂದಿದ್ದರು. 2019ರಲ್ಲಿ ಒಳಗಿನ ಚಿಪ್ ಬದಲಾಯಿಸಿ, ಅದೇ ಬೆಲೆಗೆ, ಅದೇ ಹೆಸರಿನಲ್ಲಿ, ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುವುದನ್ನು ತಂದರು. ಮೊದಲೇ ತಂದವರು ಚಾರ್ಜರ್ ಹಿಡಿದುಕೊಂಡು ಓಡಾಡಿದರು. ಕೈಯಲ್ಲಿ ಹಿಡಿದು ಆಡುವ, ಬ್ಯಾಟರಿ ಇರುವ ಕನ್ಸೋಲ್ ಆದರೆ ಎರಡನೇ ಆವೃತ್ತಿಗೆ ಕಾಯುವುದಕ್ಕೆ ನಿಜವಾಗಿ ಅರ್ಥವಿದೆ. ಟಿವಿ ಪಕ್ಕ ಇಡುವಂಥದ್ದಕ್ಕೆ ಅಷ್ಟೇನಿಲ್ಲ.

ರಿಪೇರಿ ಎಲ್ಲಿ ಎಂದು ಕೊಳ್ಳುವ ಮುಂಚೆಯೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ಮೈಸೂರಲ್ಲೇ ತಗೊಳ್ಳುತ್ತಾರಾ, ಕೊರಿಯರ್‌ನಲ್ಲಿ ಕಳಿಸಬೇಕಾ, ನೀವೇ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಾ? ಮೊದಲ ಪಿಎಸ್5 ನಾಲ್ಕೂವರೆ ಕಿಲೊ, 39 ಸೆಂಟಿಮೀಟರ್ ಉದ್ದ. ಅದನ್ನು ತೊಡೆ ಮೇಲಿಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಕೂತು ನೋಡಿ, ಕನ್ಸೋಲ್ ಆಸೆ ಹೋಗುತ್ತದೆ.

"ಕಾದರೆ ಬೆಲೆ ಇಳಿಯುತ್ತೆ" ಎನ್ನುವ ಮಾತು

ಎಲ್ಲರೂ ಹೇಳುವ ಬುದ್ಧಿಮಾತು ಇದೊಂದೇ. ನಾನೂ ಬಹಳ ವರ್ಷ ಹೇಳಿದ್ದೆ. ಈಗ ಹೇಳುವುದಿಲ್ಲ.

ಹಿಂದೆ ನಿಜ ಇತ್ತು. 2011ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ ಅಮೆರಿಕದಲ್ಲಿ 249.99 ಡಾಲರ್‌ಗೆ ಬಂದು, ಐದು ತಿಂಗಳು ತುಂಬುವ ಮುಂಚೆ 169.99ಕ್ಕೆ ಇಳಿಯಿತು. ಮೊದಲು ಕೊಂಡವರು ಬೈದುಕೊಳ್ಳಬಾರದು ಅಂತ 20 ಹಳೆ ಆಟ ಉಚಿತವಾಗಿ ಕೊಟ್ಟರು. ಎಕ್ಸ್‌ಬಾಕ್ಸ್ ಒನ್ 2013ರ ನವೆಂಬರ್‌ನಲ್ಲಿ ಕಿನೆಕ್ಟ್ ಕ್ಯಾಮೆರಾ ಸಮೇತ 499 ಡಾಲರ್, ಮುಂದಿನ ಜೂನ್‌ಗೆ ಕ್ಯಾಮೆರಾ ತೆಗೆದು 399.

ಈ ಸಲದ ಪೀಳಿಗೆಯಲ್ಲಿ ಅದು ತಲೆಕೆಳಗಾಯಿತು. 49,990 ಇದ್ದ ಪಿಎಸ್5 ಇಲ್ಲಿ 2022ರ ನವೆಂಬರ್‌ನಲ್ಲಿ 54,990 ಆಯಿತು. 39,990 ಇದ್ದದ್ದು 44,990. 2024ರ ಏಪ್ರಿಲ್‌ನಲ್ಲಿ ಚಿಕ್ಕದಾದ ಪಿಎಸ್5, ಅಂದರೆ ಸ್ಲಿಮ್, ಬಂದಾಗಲೂ ಅದೇ ಏರಿದ ಬೆಲೆ. ಅಮೆರಿಕದಲ್ಲಿ, ಬಂದು ಐದು ವರ್ಷ ಆಗುತ್ತಾ ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು. ಸೇಲ್ ಸಮಯದಲ್ಲಿ ಕೆಲವು ಸಾವಿರ ಇಳಿದದ್ದು ಇದೆ, ಅದೂ ಹೆಚ್ಚಾಗಿ ಏರಿಸಿದ್ದನ್ನೇ ವಾಪಸ್ ಕೊಟ್ಟ ಹಾಗೆ. ಸೋದರ ಅತ್ತೆ ಹಬ್ಬಕ್ಕೆ ನಮ್ಮ ದುಡ್ಡಲ್ಲೇ ನಮಗೆ ಬಟ್ಟೆ ತಂದ ಹಾಗೆ.

ಹಾಗಾಗಿ ದುಡ್ಡು ಉಳಿಸಲು ಕಾಯುತ್ತೇನೆ ಎನ್ನುವವರಿಗೆ ಈಗ ನಾನು ಬೆಂಬಲ ಕೊಡುವುದಿಲ್ಲ. ಕಾಯುವುದಾದರೆ ಚೀಟಿಯಲ್ಲಿರುವ ಆಟ ಬರಲಿ ಎಂದು ಕಾಯಿರಿ, ವಾರಂಟಿ ಸಿಗಲಿ ಎಂದು ಕಾಯಿರಿ. ಚೀಟಿಯಲ್ಲಿ ಮೂರು ಗಟ್ಟಿ ಹೆಸರಿದ್ದು, ಕನ್ಸೋಲ್ ಇಲ್ಲಿಯದೇ ಆಗಿದ್ದು, ದುಡ್ಡು ಕೈಯಲ್ಲಿದ್ದರೆ, ಮೊದಲ ದಿನವೇ ತಗೊಂಡರೂ ಅದು ದಡ್ಡತನ ಅಲ್ಲ. ಮನೆಯಲ್ಲಿ ಯಾವ ಕನ್ಸೋಲೂ ಇಲ್ಲದವರು ಇನ್ನೊಂದು ದಾರಿ ನೋಡಬಹುದು: ಹೊಸದು ಬಂದ ವಾರ ಜನ ಹಳೆಯದನ್ನು ಮಾರಲು ಸಾಲು ನಿಲ್ಲುತ್ತಾರೆ, ಒಳ್ಳೆಯ ಸ್ಥಿತಿಯ ಹಳೆ ಕನ್ಸೋಲ್ ಜೊತೆ ಹತ್ತು ಡಿಸ್ಕ್ ಸಿಗುತ್ತದೆ. ಅದೇ ಕಾರಣಕ್ಕೆ, ಹಳೆಯದನ್ನು ಮಾರುವವರು ಹೊಸದು ಬರುವ ತಿಂಗಳ ಮುಂಚೆಯೇ ಮಾರಿ.

ಮನೆ ಸಿದ್ಧ ಇದೆಯಾ

ಬೇಗ ಹೇಳಿ ಮುಗಿಸುತ್ತೇನೆ. ಪಿಎಸ್5 ಆಡುವಾಗ ಸುಮಾರು 200 ವಾಟ್ ಎಳೆಯುತ್ತದೆ. ಕರೆಂಟ್ ಹೋಗಿ ಬರುವ ಬಡಾವಣೆಯಾದರೆ ಒಂದು ಚಿಕ್ಕ ಯುಪಿಎಸ್ ಹಾಕಿ. ಅದರಲ್ಲಿ ಆಟ ಮುಂದುವರಿಸಬೇಡಿ, ಸೇವ್ ಮಾಡಿ ಸರಿಯಾಗಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಆಗುವ ತಲೆನೋವು ಬೇಡ.

ನೆಟ್ ಲೆಕ್ಕ: 100 ಜಿಬಿ ಆಟಕ್ಕೆ 40 ಎಂಬಿಪಿಎಸ್ ಲೈನ್‌ನಲ್ಲಿ ಐದೂವರೆ ಗಂಟೆ, 100 ಎಂಬಿಪಿಎಸ್‌ನಲ್ಲಿ ಎರಡು ಗಂಟೆಯ ಮೇಲೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸಾಗಿಸುತ್ತೇನೆ ಎನ್ನುವವರು ಡಿಸ್ಕ್ ತಂದರೂ ಅಪ್‌ಡೇಟ್‌ಗೆ ಒದ್ದಾಡುತ್ತಾರೆ.

ಗಾಳಿ ಆಡುವ ಕಡೆ ಇಡಿ, ಗಾಜಿನ ಬಾಗಿಲ ಶೋಕೇಸ್ ಒಳಗೆ ಬೇಡ. ಆಯುಧಪೂಜೆ ದಿನ ನಮ್ಮಮ್ಮ ನನ್ನ ಪಿಎಸ್4ಗೆ ಅರಿಶಿನ, ಕುಂಕುಮ ಹಚ್ಚಿ, ಸೇವಂತಿಗೆ ಎಸಳು ಉದುರಿಸಿದ್ದರು. ಭಕ್ತಿ ಸರಿ, ಕುಂಕುಮ ಫ್ಯಾನ್ ಒಳಗೆ ಹೋಗಿ ಜೆಟ್ ವಿಮಾನದ ಸದ್ದು ಬರುತ್ತಿತ್ತು. ಪೂಜೆಯನ್ನು ಖಾಲಿ ರಟ್ಟಿನ ಡಬ್ಬಕ್ಕೆ ಮಾಡಿಸಿ.

ತಗೊಳ್ಳೋದು ಎಂದು ತೀರ್ಮಾನ ಆದರೆ

2021ರ ಜನವರಿ 12ರಂದು ಪಿಎಸ್5 ಮುಂಗಡ ಬುಕಿಂಗ್ ಶುರುವಾಗಿ ನಿಮಿಷಗಳಲ್ಲಿ ಮುಗಿಯಿತು. ನಾನು ಪಿನ್ ಕೋಡ್ ಹಾಕುವಷ್ಟರಲ್ಲಿ ಖಾಲಿ. ಇನ್ನೊಂದು ಸಲ ಸ್ಟಾಕ್ ಬಂದಾಗ ಒಂದು ವೆಬ್‌ಸೈಟ್ ದುಡ್ಡು ತಗೊಂಡು, ಮೂರು ದಿನ ಬಿಟ್ಟು ಆರ್ಡರ್ ರದ್ದು ಮಾಡಿತು. ಆ ಅನುಭವದಿಂದ ಹೇಳುತ್ತೇನೆ: ಹಿಂದಿನ ದಿನವೇ ಎರಡು ಮೂರು ಕಡೆ ಖಾತೆ ತೆರೆದು ವಿಳಾಸ, ಕಾರ್ಡ್ ಉಳಿಸಿಡಿ. ನಿಮ್ಮ ಪಿನ್‌ಗೆ ತಲುಪಿಸುತ್ತಾರಾ ಎಂದು ಬೇರೆ ಯಾವುದೋ ದೊಡ್ಡ ಸಾಮಾನು ಹಾಕಿ ಪರೀಕ್ಷೆ ಮಾಡಿ. ಮಂಡ್ಯದ 571401ಕ್ಕೆ ಬೇಡ ಎಂದರೆ ಮೈಸೂರಿನ ನೆಂಟರ ಮನೆ ವಿಳಾಸ ಕೊಡಿ. ಬ್ಯಾಂಕಿನ ದಿನದ ಮಿತಿ ಎಷ್ಟಿದೆ ನೋಡಿಡಿ.

ಆನ್‌ಲೈನ್ ಗಲಾಟೆ ಬೇಡ ಎನ್ನುವವರು ಹದಿನೈದು ದಿನ ಮುಂಚೆ ದೇವರಾಜ ಅರಸು ರಸ್ತೆಗೆ ಹೋಗಿ ಎರಡು ಮೂರು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹೆಸರು ಬರೆಸಿ ಬನ್ನಿ. ನಂಬರ್ ಕೊಟ್ಟು ಬಂದವರಿಗೆ ಅವರು ಫೋನ್ ಮಾಡುತ್ತಾರೆ, ಮಾಡದಿದ್ದರೆ ನೀವು ಮಾಡಿ. "ಎರಡು ಆಟ, ಒಂದು ಕಂಟ್ರೋಲರ್ ಜೊತೆ ತಗೊಂಡ್ರೆ ಮಾತ್ರ ಕೊಡ್ತೀವಿ" ಎನ್ನುವುದು ಮಾಮೂಲು. ಆ ಆಟ ನಿಮ್ಮ ಚೀಟಿಯಲ್ಲಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಎದ್ದು ಬನ್ನಿ. ಡಬ್ಬದ ಮೇಲಿರುವ ಎಂಆರ್‌ಪಿಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನಿಗೆ ವಿರುದ್ಧ. ಕೇಳಿದರೆ ಬಿಲ್ ತಗೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಡಬ್ಬ ಬಿಚ್ಚುವಾಗ ಯಾರಾದರೂ ಒಬ್ಬರು ವಿಡಿಯೊ ಮಾಡಲಿ, ಸೀಲ್ ಒಡೆಯುವುದರಿಂದ ಶುರುವಾಗಿ ಸೀರಿಯಲ್ ನಂಬರ್ ಕಾಣುವ ತನಕ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಡಿಸ್ಕ್ ಹಾಕಿ ನೋಡಿ, ಎಲ್ಲ ಪೋರ್ಟ್‌ಗೂ ಏನಾದರೂ ಚುಚ್ಚಿ ನೋಡಿ, ಒಂದು ರಾತ್ರಿ ಮೂರು ಗಂಟೆ ಬಿಡದೆ ಆಡಿ. ಇದಕ್ಕೆ ಮನೆಯಲ್ಲಿ ಅನುಮತಿ ಸಿಗುವ ದಿನ ಅದೊಂದೇ.

ಬಿಲ್ಲಿನ ಫೋಟೊ ತೆಗೆದಿಡಿ, ಥರ್ಮಲ್ ಪೇಪರ್ ಆದರೆ ಆರು ತಿಂಗಳಿಗೆ ಅಕ್ಷರ ಮಾಯ. ಖಾಲಿ ಡಬ್ಬ, ಒಳಗಿನ ರಟ್ಟು ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿರಲಿ, ಕಳಿಸುವಾಗ ಅದರಷ್ಟು ಭದ್ರ ಬೇರೆ ಇಲ್ಲ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ಪೇಪರ್‌ನವನಿಗೆ ಕೊಡಬೇಡಿ" ಎಂದು ಬರೆದಿಡಿ. ನಮ್ಮನೆಯಲ್ಲಿ ಬರೆದಿರಲಿಲ್ಲ.